ಹೊಸಗದ್ದೆಯ ಹೆಂಗಸರ ಸಾಲು

ಮಾದಾಪುರ, ಕೊಡಗು ರಾಜ್ಯ
೪-೩-೧೯೫೧, ಭಾನುವಾರ

ಪ್ರೀತಿಯ ಅವ್ವನಿಗೆ, ಮಗ ಸಣ್ಣಸ್ವಾಮಿ ದೂರದಿಂದಲೇ ನಿನ್ನ ಕಾಲು ಮುಟ್ಟಿ ಬರೆಯುವುದು.

ನಿನ್ನ ಮಂಡಿನೋವು ಹೇಗಿದೆ? ಕಳೆದ ತಿಂಗಳು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಯಾರಿಗೋ ಕೊಟ್ಟು ಕೂತಿದ್ದೀಯೋ? ಕಪ್ಪು ಹಸು ಕರು ಹಾಕಿತೆಂದು ತಿಳಿದು ಸಂತೋಷವಾಯಿತು. ನಾನು ಚೆನ್ನಾಗಿದ್ದೇನೆ. ಜನವರಿಯಲ್ಲಿ ಎರಡು ಸಲ ಚಳಿಜ್ವರ ಬಂದು ಹೋಯಿತು, ಈಗ ಊಟ ಸೇರುತ್ತಿದೆ. ಗಂಗೆ, ಈ ಕಾಗದವನ್ನು ಅವ್ವನಿಗೆ ಓದಿ ಹೇಳುತ್ತಿರುವವಳು ನೀನೇ ಎಂದು ನನಗೆ ಗೊತ್ತು. ಇದರಲ್ಲಿರುವುದು ನಿನ್ನದೇ ವಿಷಯ. ಬೇಕಾದರೆ ನಡುವೆ ನಿಲ್ಲಿಸಿ ನೀರು ಕುಡಿ, ಆದರೆ ಒಂದು ಸಾಲನ್ನೂ ಬಿಡಬೇಡ. ಅವ್ವನಿಗೆ ನೋವಾಗುವ ಮಾತು ಬಂದರೆ ನೀನು ಹಾರಿಸಿ ಓದುವವಳು. ಚಿಕ್ಕಪ್ಪ ಜಮೀನಿನ ಭಾಗದ ಬಗ್ಗೆ ಬರೆದಿದ್ದ ಕಾಗದವನ್ನು ನೀನು ಅರ್ಧ ಮಾತ್ರ ಓದಿದ್ದೆ ಎಂದು ನನಗೆ ಆಮೇಲೆ ತಿಳಿಯಿತು. ಈ ಸಲ ಹಾಗೆ ಮಾಡಬೇಡ.

ಅವ್ವಾ, ಮದುವೆಗೆ ಇನ್ನು ಹನ್ನೆರಡು ದಿನವಿದೆ. ನಾನೇ ಓಡಿ ಬಂದು ಹೇಳಬೇಕಾದ ಮಾತನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಹತ್ತನೇ ತಾರೀಖಿನವರೆಗೆ ನಾನು ಈ ಜಾಗ ಬಿಟ್ಟು ಕದಲುವಂತಿಲ್ಲ. ಖಾನೇಷುಮಾರಿಯ, ಜನ ಎಣಿಸುವ ಕೆಲಸ ನನ್ನ ತಲೆಗೆ ಬಂದಿರುವುದು ನಿನಗೆ ಗೊತ್ತಲ್ಲ. ಮನೆಮನೆಗೆ ಹೋಗಿ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬರೆಯಬೇಕು: ಹೆಸರು, ವಯಸ್ಸು, ಗಂಡೋ ಹೆಣ್ಣೋ, ಮದುವೆಯಾಗಿದೆಯೋ, ಎಲ್ಲಿ ಹುಟ್ಟಿದ್ದು, ಏನು ಕಸುಬು. ಬರೆದ ಚೀಟಿಗಳನ್ನೆಲ್ಲ ಸೋಮವಾರಪೇಟೆಯಲ್ಲಿ ಸೂಪರ್‌ವೈಸರ್ ಕೈಗೆ ಒಪ್ಪಿಸುವವರೆಗೆ ರಜೆ ಇಲ್ಲ. ನನಗೆ ಕೊಟ್ಟ ಭಾಗದಲ್ಲಿ ಮಾದಾಪುರದ ಒಂದು ಬೀದಿ ಇದೆ. ಇಲ್ಲಿಂದ ಐದು ಮೈಲಿ ಕೆಳಗೆ, ಹೊಳೆಯಾಚೆಗಿರುವ ಹೊಸಗದ್ದೆಯೂ ಇದೆ. ಹೌದು, ನಮ್ಮ ಗಂಗೆಯನ್ನು ಕೊಡಲು ಮಾತಾಗಿರುವ ಹೊಸಗದ್ದೆಯೇ.

ಫೆಬ್ರವರಿ ಹನ್ನೆರಡರಂದು ಮೊದಲ ಸಲ ಅಲ್ಲಿಗೆ ಹೋದೆ. ಹೊಳೆಯಲ್ಲಿ ಮೊಣಕಾಲುದ್ದ ನೀರು, ಕಲ್ಲಿನ ಮೇಲೆ ಕಾಲಿಟ್ಟು ದಾಟಿದೆ. ಊರ ಯಜಮಾನ ಕೆಂಪಣ್ಣನವರು, ಸಂಕ್ರಾಂತಿಗೆ ನಮ್ಮ ಮನೆಗೆ ಹೆಣ್ಣು ಕೇಳಲು ಬಂದಿದ್ದವರು, ದಡದಲ್ಲೇ ಕಾದಿದ್ದು ಕೈ ಹಿಡಿದು ಮೇಲೆ ಹತ್ತಿಸಿಕೊಂಡರು. ಬೀಗರೆಂದು ಎಲ್ಲರಿಗೂ ಪರಿಚಯ ಹೇಳಿದರು. ಮೂವತ್ತೊಂದು ಮನೆ, ಎಲ್ಲರೂ ನಮ್ಮ ಹಾಸನದ ಕಡೆಯವರು. ಹದಿನೈದು ವರ್ಷದ ಹಿಂದೆ ಗಾಡಿ ಕಟ್ಟಿಕೊಂಡು ಬಂದು, ಕಾಡು ಕಡಿದು ಗದ್ದೆ ಮಾಡಿದವರು. ಭತ್ತ ಚೆನ್ನಾಗಿ ಬೆಳೆಯುತ್ತಾರೆ. ಮೂರು ದಿನ ಉಳಿದು ನೂರ ನಲವತ್ತೆಂಟು ಜನರ ಚೀಟಿ ಬರೆದೆ. ಯಾರಿಗೂ ತಮ್ಮ ವಯಸ್ಸು ಗೊತ್ತಿಲ್ಲ. ದೊಡ್ಡ ನೆರೆ ಬಂದಾಗ ಹಾಲು ಕುಡಿಯುತ್ತಿದ್ದೆಯೋ, ದನ ಕಾಯುತ್ತಿದ್ದೆಯೋ ಎಂದು ಕೇಳಿ ಕೇಳಿ ಗುಣಿಸಿ ಬರೆಯಬೇಕಾಯಿತು. ನಗು ಬರುವಂಥ ಎಷ್ಟೋ ಸಂಗತಿ ಇವೆ, ಅವನ್ನು ಎದುರಿಗೆ ಕೂತಾಗ ಹೇಳುತ್ತೇನೆ. ಹೊಳೆ ದಾಟಿ ಬರುವಾಗ ನನ್ನ ಮನಸ್ಸು ಹಗುರವಾಗಿತ್ತು. ತಂಗಿ ಒಳ್ಳೆಯ ಕಡೆ ಸೇರುತ್ತಾಳೆ, ನಾನೂ ಹತ್ತಿರವೇ ಇರುತ್ತೇನೆ ಎಂದುಕೊಂಡೆ.

ಇಪ್ಪತ್ತೈದನೇ ತಾರೀಖು ಭಾನುವಾರ, ಶಾಲೆಯಲ್ಲಿ ಮಕ್ಕಳಿರಲಿಲ್ಲ. ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಮೊತ್ತ ತೆಗೆದರೆ ಸರ್ಕಾರಕ್ಕೆ ಸಾಕಿತ್ತು. ನಾನು ಲೆಕ್ಕದ ಮೇಷ್ಟರಲ್ಲವೇ, ಸುಮ್ಮನಿರಲಾರದೆ ಚೀಟಿಗಳನ್ನು ನೆಲದ ಮೇಲೆ ಜೋಡಿಸಲು ಕೂತೆ. ಎಡಗಡೆ ಗಂಡಸರು, ಬಲಗಡೆ ಹೆಂಗಸರು. ಕೆಳಗಿನ ಸಾಲಿನಲ್ಲಿ ಕೂಸುಗಳು, ಅದರ ಮೇಲೆ ಐದು ದಾಟಿದವರು, ಹಾಗೆಯೇ ಮೇಲಕ್ಕೆ ಮುದುಕರವರೆಗೆ. ಮೊದಲು ಮಾದಾಪುರದ ಬೀದಿಯದನ್ನು ಇಟ್ಟೆ. ಕೆಳಗೆ ಅಗಲ, ಮೇಲೆ ಹೋದಂತೆ ಸಣ್ಣದಾಗುವ ಹುಲ್ಲಿನ ಬಣವೆಯಂತೆ ಕಂಡಿತು. ಎರಡು ಕಡೆಯೂ ಹೆಚ್ಚು ಕಡಿಮೆ ಸಮ. ಆಮೇಲೆ ಹೊಸಗದ್ದೆಯದನ್ನು ಇಟ್ಟೆ. ಹದಿನೈದರ ಒಳಗೆ ಗಂಡು ಮೂವತ್ತು, ಹೆಣ್ಣು ಮೂವತ್ತೊಂದು. ಹದಿನೈದರಿಂದ ಹತ್ತೊಂಬತ್ತರ ಹೆಂಗಸರು ಹದಿಮೂರು, ಅವರಲ್ಲಿ ಹನ್ನೊಂದು ಜನ ಹೊರಗಿಂದ ಬಂದ ಸೊಸೆಯರು. ಇಪ್ಪತ್ತರಿಂದ ಮೂವತ್ತನಾಲ್ಕರವರೆಗೆ ಗಂಡಸರು ಇಪ್ಪತ್ತನಾಲ್ಕು. ಅದೇ ವಯಸ್ಸಿನ ಹೆಂಗಸರು ಮೂವರು.

ಚೀಟಿ ಎಲ್ಲೋ ಬಿದ್ದಿರಬೇಕೆಂದು ಚೀಲ ಕೊಡವಿದೆ, ಬೀರುವಿನ ಕೆಳಗೆ ನೋಡಿದೆ. ಮತ್ತೊಮ್ಮೆ ಎಣಿಸಿದೆ. ಮೂವರೇ. ನಲವತ್ತೈದು ದಾಟಿದ ಮುದುಕಿಯರು ಹದಿನೈದು ಜನ ಗಟ್ಟಿಮುಟ್ಟಾಗಿ ಮೇಲಿನ ಸಾಲುಗಳಲ್ಲಿ ಕೂತಿದ್ದಾರೆ, ಕೆಳಗೆ ಹುಡುಗಿಯರು ತುಂಬಿದ್ದಾರೆ, ನಡುವೆ ಬಲಗಡೆಯ ನೆಲ ಬರಿದಾಗಿದೆ. ಬೀದಿಯ ಒಂದು ಪಕ್ಕದ ಮನೆಗಳು ಕುಸಿದು ಹೋದ ಹಾಗೆ. ಬಾಣಂತನಕ್ಕೆ ತವರಿಗೆ ಹೋಗಿರಬಹುದೆಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೂ ಜನ ಒಟ್ಟಿಗೆ ಹೋಗುತ್ತಾರೆಯೇ? ಮೂರು ದಿನ ಆ ಊರಲ್ಲಿ ಉಂಡು ಮಲಗಿದ್ದರೂ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಮುದುಕಿಯರು ಅಡುಗೆ ಮಾಡುತ್ತಿದ್ದರು, ಮುದುಕಿಯರು ಕೂಸು ಆಡಿಸುತ್ತಿದ್ದರು, ನಾನು ಅದನ್ನು ಪ್ರೀತಿ ಎಂದುಕೊಂಡೆ.

ತಿಂಗಳ ಮೊದಲ ಮೂರು ದಿನ ಮನೆಮನೆಗೆ ಮತ್ತೆ ಹೋಗಿ, ಹೊಸದಾಗಿ ಹುಟ್ಟಿದವರು, ಸತ್ತವರು ಇದ್ದರೆ ತಿದ್ದಬೇಕೆಂದು ಹುಕುಂ ಇತ್ತು. ಅದೇ ನೆಪದಲ್ಲಿ ಗುರುವಾರ ಹೊಳೆ ದಾಟಿದೆ. ಮೊದಲು ಹೋದದ್ದು ಜವರಯ್ಯನ ಮನೆಗೆ, ಅಂದರೆ ನಿನ್ನ ಅಳಿಯನಾಗುವವನ ಮನೆಗೆ. ಅವನು ಗದ್ದೆಯಲ್ಲಿದ್ದ. ಅವನ ತಾಯಿ ಸಿದ್ದಮ್ಮ ರಾಗಿ ಕೇರುತ್ತಿದ್ದರು. ಅರವತ್ತರ ಹತ್ತಿರದ ಹೆಂಗಸು, ನಾಲ್ಕು ಗಂಡುಮಕ್ಕಳ ತಾಯಿ. ಇಷ್ಟು ಮಕ್ಕಳನ್ನು ಹೆತ್ತೂ ಹೇಗೆ ಗಟ್ಟಿಯಾಗಿದ್ದೀರಿ ಎಂದು ಮಾತಿಗೆ ಕೇಳಿದೆ. "ಇವೆಲ್ಲ ಊರಲ್ಲಿ ಹೆತ್ತಿದ್ದು ಕಣಪ್ಪ. ಇಲ್ಲಿಗೆ ಬಂದ ಮ್ಯಾಲೆ ಒಂದೂ ಹೆತ್ತಿಲ್ಲ ನಾನು" ಎಂದರು. ಮೊರ ಹಿಡಿದ ಕೈ ನಿಂತಿತು. ಅಲ್ಲಿಂದ ಮೂರು ಮುದುಕಿಯರ ಮನೆಗೆ ಹೋದೆ. ಎಲ್ಲರದ್ದೂ ಅದೇ ಮಾತು. ಹೊಳೆಯಾಚೆ ಬರುವ ಮೊದಲೇ ಹೆತ್ತು ಮುಗಿಸಿದವರು ಬದುಕಿದ್ದಾರೆ.

ಇಪ್ಪತ್ತು ದಾಟಿದ ಹೆಂಗಸರ ಆ ಮೂರು ಚೀಟಿಗಳಲ್ಲಿ ಒಂದು ಲಿಂಗಿ ಎಂಬವಳದ್ದು. ಇಪ್ಪತ್ತಾರು ವರ್ಷ, ನಾಲ್ಕು ಮಕ್ಕಳು, ಬಿಸಿಲಲ್ಲಿ ಸಗಣಿ ತಟ್ಟುತ್ತಾ ನನ್ನನ್ನು ನೋಡಿ ನಕ್ಕವಳು ಅವಳೊಬ್ಬಳೇ. ನಿನಗೆ ನಾಲ್ಕೂ ಹೆರಿಗೆ ಇಲ್ಲೇ ಆಯಿತೇನಮ್ಮ ಎಂದೆ. ನಗು ನಿಲ್ಲಿಸಿ ಹಿಂದೆ ಮುಂದೆ ನೋಡಿದಳು. "ಚೊಚ್ಚಲಿಗೆ ಎಲ್ರೂ ತವರಿಗೇ ಹೋಯ್ತಾರೆ. ಎರಡನೇದಕ್ಕೆ ಯಾರನ್ನೂ ಕಳ್ಸಾಕಿಲ್ಲ, ಗದ್ದೆ ಕೆಲಸಕ್ಕೆ ಕೈ ಬೇಕಲ್ಲ. ನಮ್ಮಪ್ಪ ಮಾತ್ರ ಪ್ರತಿ ಸಲ ಮಳೆಗೆ ಮುಂಚೆ ಬಂದು ಜಗಳ ಮಾಡಿ ಕೊಡ್ಲಿಪೇಟೆಗೆ ಕರ್ಕೊಂಡು ಹೋಗ್ಬುಡ್ತಾನೆ. ಅತ್ತೆ ಬೈತಾಳೆ, ಬೈಲಿ. ನಾನಿದ್ದೀನಲ್ಲ" ಎಂದಳು.

ಅವ್ವಾ, ಅಲ್ಲಿಗೆ ನನ್ನ ಲೆಕ್ಕ ಬಗೆಹರಿಯಿತು. ಹದಿನಾರು ಹದಿನೇಳಕ್ಕೆ ಬಂದ ಹೆಣ್ಣು, ಮೊದಲ ಹೆರಿಗೆಗೆ ತವರಿಗೆ ಹೋಗಿ ಕೂಸಿನ ಜೊತೆ ಹಿಂದಿರುಗುತ್ತಾಳೆ. ಎರಡನೆಯದು ನಿಲ್ಲುವ ಹೊತ್ತಿಗೆ ಅವಳಿಗೆ ಇಪ್ಪತ್ತು. ಆಷಾಢದಿಂದ ಭಾದ್ರಪದದವರೆಗೆ ಹೊಳೆ ಎರಡು ಆಳು ಉದ್ದ ಹರಿಯುತ್ತದೆ, ದೋಣಿ ಇಲ್ಲ, ಸೂಲಗಿತ್ತಿ ಇರುವುದು ಈಚೆ ದಡದಲ್ಲಿ. ಗದ್ದೆ ನೀರಿನ ಸೊಳ್ಳೆಯಿಂದ ಆ ಊರಿನಲ್ಲಿ ಎಲ್ಲರಿಗೂ ಚಳಿಜ್ವರ. ಗಂಡಸರು ನಡುಗಿ ಎದ್ದು ಕೂರುತ್ತಾರೆ, ಬಸುರಿಯ ಮೈಯಲ್ಲಿ ಮಾತ್ರ ರಕ್ತವೇ ಉಳಿಯುವುದಿಲ್ಲವಂತೆ. ಹಾಗೆಂದು ಇಲ್ಲಿಯ ದವಾಖಾನೆಯ ಕಾಂಪೌಂಡರ್ ಹೇಳಿದರು. ಸತ್ತವರ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆಯೂ ಜ್ವರ ಎಂದಷ್ಟೇ ಬರೆಸಿದ್ದಾರೆ. ಒಬ್ಬಳು ಹೋದರೆ ಆ ಮನೆಯವರು ತಮ್ಮ ಹಣೆಬರಹ ಅಂದುಕೊಳ್ಳುತ್ತಾರೆ, ವರ್ಷ ತುಂಬುವುದರೊಳಗೆ ಬೇರೆ ಊರಿಂದ ಇನ್ನೊಬ್ಬಳನ್ನು ತರುತ್ತಾರೆ. ಹೆಣ್ಣು ಕೊಟ್ಟ ಒಂದು ಊರಿನವರಿಗೆ ಇನ್ನೊಂದು ಊರಿನವರು ಗೊತ್ತಿಲ್ಲ. ಅರಕಲಗೂಡಿನ ಕಡೆ ಒಂದು, ಹೊಳೆನರಸೀಪುರದ ಕಡೆ ಒಂದು. ಎಲ್ಲ ಒಟ್ಟಿಗೆ ಕಂಡದ್ದು ನನ್ನ ಶಾಲೆಯ ನೆಲದ ಮೇಲೆ ಮಾತ್ರ.

ಶುಕ್ರವಾರ ನಾನು ಹಿಂದಿರುಗುವಾಗ ಕೆಂಪಣ್ಣನವರು ಹೊಳೆಯ ದಾರಿಯಲ್ಲಿ ಅಡ್ಡ ನಿಂತರು. ನಾನು ಏನೇನು ಕೇಳಿದೆನೆಂದು ಅವರಿಗೆ ಆಗಲೇ ಸುದ್ದಿ ಹೋಗಿತ್ತು. ಈ ಸಲ ಕೈ ಹಿಡಿಯಲಿಲ್ಲ. "ಮೇಷ್ಟ್ರೆ, ನೀವು ಲೆಕ್ಕಕ್ಕೆ ಬಂದೋರು. ಇರೋರನ್ನ ಬರ್ಕೊಳಿ, ಇಲ್ದಿರೋರನ್ನ ಯಾಕೆ ಕೇಳ್ತೀರಿ?" ಎಂದರು. ನನ್ನ ತಂಗಿ ಬರುವ ಊರಲ್ಲವೇ ಯಜಮಾನ್ರೆ, ಕೇಳದೆ ಹೇಗಿರಲಿ ಎಂದೆ. ಅವರ ಮುಖ ಬಿಗಿಯಿತು. "ಚೀಟೀಲಿ ಬರ್ದಿದ್ದನ್ನ ಯಾರಿಗೂ ಹೇಳಾಕಿಲ್ಲ, ಅದು ಕಾನೂನು ಅಂತ ನೀವೇ ಅಂದ್ರಿ. ನಂಬಿ ಹೇಳಿದ್ದೀವಿ. ಆಚೆ ಬಾಯಿ ಬಿಟ್ರೆ ನಾನೂ ಸೋಮವಾರಪೇಟೆಗೆ ಹೋಗ್ತೀನಿ, ನಿಮ್ಮ ದೊಡ್ಡೋರಿಗೆ ಹೇಳ್ತೀನಿ." ಆಮೇಲೆ ದನಿ ತಗ್ಗಿಸಿದರು. "ಹೆಣ್ಣು ಕೊಡೋದು ನಿಂತ್ರೆ ಊರೇ ಮುಗೀತು. ಹದಿನೈದು ವರ್ಷ ಕಾಡು ಕಡ್ದಿದ್ದೀವಿ. ಇದನ್ನ ಬಿಟ್ಟು ಎಲ್ಲಿಗೆ ಹೋಗಾನ ಹೇಳಿ."

ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಕೈ ಬರುವುದಿಲ್ಲ ಅವ್ವಾ. ಅವರು ಹೇಳಿದ್ದು ನಿಜ ಕೂಡ. ಚೀಟಿಯ ವಿಷಯ ಬಾಯಿ ಬಿಟ್ಟರೆ ನನಗೆ ಶಿಕ್ಷೆ, ಕೆಲಸವೂ ಹೋಗಬಹುದು. ಅದಕ್ಕೇ ಇದುವರೆಗೆ ಊರಿನ ಒಟ್ಟು ಲೆಕ್ಕ ಬರೆದೆನೇ ಹೊರತು, ಜವರಯ್ಯನ ಚೀಟಿಯಲ್ಲಿ ಏನಿದೆ ಎಂದು ಬರೆಯಲಿಲ್ಲ. ಲಿಂಗಿ ಹೇಳಿದ್ದು ಯಾವ ಚೀಟಿಯಲ್ಲೂ ಇಲ್ಲ, ಮಾತಿಗೆ ಮಾತಾಗಿ ಬಂದದ್ದು. ಅವಳ ವಯಸ್ಸನ್ನೂ ಮಕ್ಕಳನ್ನೂ ಬರೆಯಬಾರದಿತ್ತೇನೋ, ಬರೆದಾಗಿದೆ.

ನಿನ್ನೆ ಶನಿವಾರ ಮಧ್ಯಾಹ್ನ ಮಕ್ಕಳನ್ನು ಬಿಟ್ಟು ಬಾಗಿಲು ಹಾಕುತ್ತಿದ್ದೆ. ಜವರಯ್ಯ ಅಂಗಳದಲ್ಲಿ ನಿಂತಿದ್ದ. ಐದು ಮೈಲಿ ಹತ್ತಿಕೊಂಡು ಬಂದಿದ್ದ, ಪಂಚೆಯ ಅಂಚು ಇನ್ನೂ ಒದ್ದೆಯಿತ್ತು. ಕೂರು ಎಂದರೆ ಬೆಂಚಿನ ಮೇಲೆ ಕೂರದೆ ನೆಲದ ಮೇಲೆ ಕೂತ. "ಕೆಂಪಣ್ಣ ಮಾವ ಕೂಗಾಡ್ತಿದ್ದ. ನೀವು ಅದೇನೋ ಲೆಕ್ಕ ಹಾಕಿದ್ದೀರಂತೆ. ನನಗೂ ತೋರ್ಸಿ" ಎಂದ. ಚೀಟಿ ತೋರಿಸುವಂತಿಲ್ಲ. ಸಣ್ಣ ಮಕ್ಕಳಿಗೆ ಕೂಡುವ ಲೆಕ್ಕ ಕಲಿಸಲು ಇಟ್ಟಿರುವ ಹುಣಸೆಬೀಜದ ಡಬ್ಬ ತೆಗೆದು, ಹೆಸರಿಲ್ಲದೆ ಬರೀ ಬೀಜಗಳಲ್ಲಿ ಹೊಸಗದ್ದೆಯನ್ನು ಸಾಲು ಸಾಲಾಗಿ ಇಟ್ಟು ತೋರಿಸಿದೆ. ಇದು ಕೂಸುಗಳು, ಇದು ಸೊಸೆಯರು, ಇದು ನಿನ್ನ ಓರಗೆಯ ಗಂಡಸರು ಎಂದೆ. ಖಾಲಿ ಜಾಗವನ್ನೂ ತೋರಿಸಿದೆ. ಅವನು ಹತ್ತಿರ ಸರಿದು ಕೂತ. "ನಮ್ಮ ರಾಮಮ್ಮ ಇದ್ದಿದ್ರೆ ಎಲ್ಲಿರ್ತಿದ್ಲು?" ಎಂದು ಕೇಳಿದ. ಅವಳು ಯಾವಾಗ ತೀರಿಕೊಂಡಳು, ಆಗ ಎಷ್ಟು ವರ್ಷ ಎಂದು ಕೇಳಿ ಗುಣಿಸಿದೆ. ಇಪ್ಪತ್ತನಾಲ್ಕು ಆಗಿರುತ್ತಿತ್ತು. ಡಬ್ಬದಿಂದ ಒಂದು ಬೀಜ ತೆಗೆದು ನಾನು ಬೆರಳಿಟ್ಟ ಕಡೆ ಇಟ್ಟ. ಮತ್ತೊಂದು ಬೀಜ ತೆಗೆದ. "ಇದು ಕೆಂಚಿ" ಎಂದ. ಇದ್ದಿದ್ದರೆ ಅವಳಿಗೆ ಈಗ ಇಪ್ಪತ್ತು.

ಅವ್ವಾ, ಇದನ್ನು ನಾನು ಚೀಟಿಯಿಂದ ಬರೆಯುತ್ತಿಲ್ಲ, ಅವನೇ ನನ್ನ ಮುಂದೆ ಆಡಿದ ಮಾತಿನಿಂದ ಬರೆಯುತ್ತಿದ್ದೇನೆ. ಹೆಣ್ಣು ಕೇಳಲು ಬಂದಾಗ ಹೇಳಿದಂತೆ ಅವನಿಗೆ ಒಂದಲ್ಲ, ಎರಡು ಮದುವೆಯಾಗಿತ್ತು. ರಾಮಮ್ಮ ಎರಡನೇ ಹೆರಿಗೆಯಲ್ಲಿ ಹೋದಳು. ಕೆಂಚಿಯನ್ನು ಚೊಚ್ಚಲಿಗೆ ತವರಿಗೆ ಕಳಿಸಬೇಕೆನ್ನುವಷ್ಟರಲ್ಲಿ ಹೊಳೆ ಬಂತು, ಅವಳೂ ಉಳಿಯಲಿಲ್ಲ. ಮಕ್ಕಳಿಲ್ಲ ಎಂದು ಕೆಂಪಣ್ಣನವರು ನಮಗೆ ಹೇಳಿದ್ದೂ ಸುಳ್ಳು. ರಾಮಮ್ಮನ ಮಗಳು ಸೋಮಿಗೆ ಆರು ವರ್ಷ, ಸಿದ್ದಮ್ಮನ ಸೆರಗಿನ ಹಿಂದೆ ಬೆಳೆಯುತ್ತಿದ್ದಾಳೆ. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೂಲೆ ಮನೆಯವಳು, ಬಾವಿ ಹತ್ತಿರದ ಮನೆಯ ಇಬ್ಬರು, ಕೆಂಪಣ್ಣನ ಹಿರಿಸೊಸೆ, ಕಿರಿಸೊಸೆ ಎಂದು ಒಂದೊಂದೇ ಬೀಜ ಇಡುತ್ತಾ ಹೋದ. ನಾನು ವಯಸ್ಸು ಲೆಕ್ಕ ಹಾಕಿ ಜಾಗ ತೋರಿಸುತ್ತಿದ್ದೆ. ಇಪ್ಪತ್ತೆರಡು ಬೀಜ ಇಟ್ಟ. ಬಲಗಡೆ ತುಂಬಿತು. ಮಾದಾಪುರದ ಬೀದಿಯ ಹಾಗೆಯೇ ಕಾಣುತ್ತಿತ್ತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನನ್ನ ಕಾಲ್ಗುಣ ಸರಿಯಿಲ್ಲ ಅನ್ಕೊಂಡಿದ್ದೆ ಮೇಷ್ಟ್ರೆ. ನನ್ನೊಬ್ಬಂದೇ ಅನ್ಕೊಂಡಿದ್ದೆ" ಎಂದ. ಆಮೇಲೆ ಎದ್ದು ಹೊರಟು ಹೋದ. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ನನ್ನ ತಪ್ಪನ್ನೂ ಬರೆಯಬೇಕು. ಸಂಕ್ರಾಂತಿಯಲ್ಲಿ ನೀನು ನನ್ನನ್ನು ಕೇಳಿದಾಗ, ನಾನು ಅವನನ್ನು ಸಂತೆಯಲ್ಲಿ ಎರಡು ಸಲ ನೋಡಿದ್ದಷ್ಟೇ. ಒಳ್ಳೆಯ ಮನುಷ್ಯ, ನಾಲ್ಕು ಎಕರೆ ಗದ್ದೆ ಇದೆ, ಕೊಡು ಎಂದೆ. ಮನುಷ್ಯ ಒಳ್ಳೆಯವನೇ. ಆದರೆ ಒಳ್ಳೆಯತನದಿಂದ ಹೊಳೆ ಇಳಿಯುವುದಿಲ್ಲ. ನೀನು ವೀಳ್ಯ ತೆಗೆದುಕೊಂಡ ಮೇಲೆ ಮಾತು ಮುರಿದರೆ ನೆಂಟರಿಷ್ಟರು ಏನೆನ್ನುತ್ತಾರೆಂದು ನಿನಗೆ ಭಯವಾಗುತ್ತದೆ. ನನಗೆ ಬೇರೆ ಭಯವಿದೆ. ಹತ್ತರಂದು ಚೀಟಿ ಒಪ್ಪಿಸಿ ಅದೇ ಸಂಜೆ ಹೊರಟು ಬರುತ್ತೇನೆ. ಅಲ್ಲಿಯವರೆಗೆ ಚಪ್ಪರದ ಕಂಬ ನೆಡಿಸಬೇಡ. ಈ ಕಾಗದವನ್ನು ನಾಳೆಯ ಟಪಾಲಿಗೆ ಹಾಕುತ್ತೇನೆ. ನಾಲ್ಕೈದು ದಿನ ಹಿಡಿಯುತ್ತದೆ, ನಡುವೆ ಶಿವರಾತ್ರಿಯ ರಜೆ ಬೇರೆ. ತಡವಾಗಿ ಮುಟ್ಟೀತೇ ಎಂಬ ಯೋಚನೆಯೇ ನಿನ್ನೆಯಿಂದ ನನ್ನ ತಲೆಯಲ್ಲಿದೆ. ಸೂಪರ್‌ವೈಸರಿಗೂ ಒಂದು ಅರ್ಜಿ ಬರೆದಿದ್ದೇನೆ: ಮಳೆಗೆ ಮೊದಲು ಹೊಸಗದ್ದೆಗೆ ದೋಣಿ ಬೇಕು, ಕ್ವಿನೈನ್ ಬೇಕು ಎಂದು. ಯಾರ ಹೆಸರನ್ನೂ ಹಾಕಿಲ್ಲ, ವಯಸ್ಸಿನ ಸಾಲುಗಳನ್ನು ಮಾತ್ರ ಬರೆದಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ನೋಡೋಣ.

ಮಂಡಿಗೆ ಬಿಸಿ ಶಾಖ ಕೊಟ್ಟುಕೋ, ತಣ್ಣೀರಿನಲ್ಲಿ ಪಾತ್ರೆ ತೊಳೆಯಬೇಡ. ಚಿಕ್ಕಪ್ಪ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಈ ಸಲ ಗಂಗೆಯ ಮೇಲೆ ಸ್ವಲ್ಪ ಹೆಚ್ಚಿರಲಿ.

ನಿನ್ನ ಮಗ,
ಸಣ್ಣಸ್ವಾಮಿ

ಮರೆತ ಮಾತು, ಸೋಮವಾರ ಬೆಳಿಗ್ಗೆ: ಅವಸರದಲ್ಲಿ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಕಾಗದವನ್ನು ಟಪಾಲಿಗೆ ಹಾಕಲಿಲ್ಲ. ಜವರಯ್ಯ ಬೆಳಗಾಗುವುದರೊಳಗೆ ಮತ್ತೆ ಬಂದ. "ಟಪಾಲು ಬ್ಯಾಡ, ನಾನೇ ತಗೊಂಡು ಹೋಗ್ತೀನಿ. ನಾನೇ ಅವರ ಮುಂದೆ ಕೂತು ಹೇಳ್ತೀನಿ" ಎಂದ. ಅವನಿಗೆ ಓದು ಬಾರದು. ಮೊದಲ ಸಾಲಿನಿಂದ ಕೊನೆಯವರೆಗೆ ಎಲ್ಲವನ್ನೂ ಅವನಿಗೆ ಓದಿ ಹೇಳಿದ್ದೇನೆ. ಒಂದು ಮಾತನ್ನೂ ತೆಗೆಯಲು ಹೇಳಲಿಲ್ಲ. ಸೋಮಿಯನ್ನೂ ಕರೆದುಕೊಂಡು ಹೋಗುತ್ತೇನೆಂದ, ನಾನು ಬೇಡವೆಂದೆ. ಗಂಗೆ, ನೀನು ಆ ಮಗುವಿನ ಮುಖ ನೋಡಿ ಹೂಂ ಅನ್ನಬಾರದು. ನೀನು ಇದನ್ನು ಓದುವ ಹೊತ್ತಿಗೆ ಜಗಲಿಯ ಮೇಲೆ ಕೂತಿರುವವನು ಅವನೇ. ಮೊದಲು ಅವನಿಗೆ ಊಟಕ್ಕೆ ಹಾಕಿ. ಆಮೇಲೆ ಉತ್ತರ ನೀನು ಹೇಳು. ಅವ್ವ ಹೇಳುವುದು ಬೇಡ, ನಾನು ಸಂಕ್ರಾಂತಿಯಲ್ಲಿ ನಿನ್ನನ್ನು ಕೇಳದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಬೇಡ ಎಂದರೆ ವೀಳ್ಯ ಹಿಂದಕ್ಕೆ ತೆಗೆದುಕೊಂಡು ಮರುಮಾತಾಡದೆ ಹೋಗುತ್ತೇನೆಂದು ಅವನು ನನಗೆ ಮಾತು ಕೊಟ್ಟಿದ್ದಾನೆ. ನಿನ್ನ ಬಾಯಿಂದ ಏನು ಬಂದರೂ ಅದರ ಹಿಂದೆ ನಾನು ನಿಲ್ಲುತ್ತೇನೆ.